ಗಂಟೆ ಹೊಡೆದಾಗ ನೀನೆಲ್ಲಿದ್ದೆ?

ಭಾನುವಾರ, ಮಾರ್ಚ್ ೧೨

ಪ್ರೀತಿಯ ಅಮ್ಮ,

ಹೇಗಿದ್ದೀಯ, ಮಂಡಿನೋವು ಹೇಗಿದೆ ಎಂದೆಲ್ಲ ಕೇಳಿ ಆಮೇಲೆ ವಿಷಯಕ್ಕೆ ಬರುವಷ್ಟು ತಾಳ್ಮೆ ಇವತ್ತು ನನಗಿಲ್ಲ. ಚಿಕ್ಕವಳಿದ್ದಾಗ ಕೇಳಿದ್ದ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದೆ. ನಗರಸಭೆಯ ಮೀಟಿಂಗ್ ಮುಗಿಸಿ ಬಂದ ದಿನ ನೀನು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿ, ನಿಂತಲ್ಲೇ ಒಂದು ಚೊಂಬು ನೀರನ್ನು ಗಟಗಟನೆ ಕುಡಿಯುತ್ತಿದ್ದೆ. ಅಲ್ಲಿ ಯಾರೂ ನೀರು ಕೊಡಲ್ವಾ ಅಂತ ನಾನು ಕೇಳಿದರೆ, ನಮ್ಮನೆ ನೀರಿನ ರುಚಿ ಅಲ್ಲಿಲ್ಲ ಕಣೇ ಪ್ರಶ್ನೆಪತ್ರಿಕೆ, ಅನ್ನುತ್ತಿದ್ದೆ. ಆ ಹೆಸರು ನನಗೆ ಅಂಟಿಕೊಂಡಿತು. ಉತ್ತರ ಸುಳ್ಳು ಅಂತ ಆಗಲೇ ಅನುಮಾನವಿತ್ತು.

ನೀನು ಕೂತಿದ್ದ ಅದೇ ಸಭಾಂಗಣದಲ್ಲಿ ಈಗ ನಾನು ಕೂರುತ್ತೇನಲ್ಲ, ಮೊದಲ ದಿನವೇ ನನ್ನ ಕಣ್ಣಿಗೆ ಬಿದ್ದದ್ದು ಗೋಡೆಯ ಮೇಲಿನ ಮಾಜಿ ಅಧ್ಯಕ್ಷರ ಮೀಸೆಗಳಲ್ಲ, ಮೇಜಿನ ಮೇಲಿನ ನೀರಿನ ಲೋಟಗಳು. ಗಂಡಸರ ಲೋಟಗಳು ಖಾಲಿಯಾಗುತ್ತವೆ, ಜವಾನ ಬಂದು ತುಂಬಿಸುತ್ತಾನೆ. ಇಡೀ ಸಭೆ ದೊಡ್ಡಕ್ಕ ಎಂದು ಕರೆಯುವ ಹಿರಿಯ ಸದಸ್ಯೆಯ ಲೋಟ, ಮತ್ತೆ ಆಸ್ಪತ್ರೆ ಕೆಲಸ ಬಿಟ್ಟು ಚುನಾವಣೆಗೆ ನಿಂತ ನರ್ಸಮ್ಮನ ಲೋಟ, ಎರಡೂ ಸಂಜೆಯವರೆಗೆ ಮುಚ್ಚಳ ಹಾಕಿದ ಹಾಗೇ ಇರುತ್ತವೆ. ಸಭೆಯಲ್ಲಿ ನಾವಿರುವುದೇ ಮೂವರು ಹೆಂಗಸರು. ಯಾಕೆ ಕುಡಿಯಲ್ಲ ಅಂತ ಕೇಳಿದೆ. ಬಾಯಾರಿಕೆ ಆಗಲ್ಲಮ್ಮ ಅಂದರು ಒಬ್ಬರು. ನಿಂಗೇ ಗೊತ್ತಾಗುತ್ತೆ ಬಿಡು ಅಂದರು ಇನ್ನೊಬ್ಬರು.

ಗೊತ್ತಾಯಿತು. ಕಳೆದ ತಿಂಗಳು ನನ್ನ ರಾತ್ರಿ ಬಸ್ಸಿನ ಪ್ರಸ್ತಾಪ ಬಿದ್ದುಹೋಯಿತು ಅಂತ ಫೋನಿನಲ್ಲಿ ಹೇಳಿದ್ದೆನಲ್ಲ? ಹೇಗೆ ಬಿತ್ತು ಅಂತ ಹೇಳಿರಲಿಲ್ಲ. ಪ್ಯಾಕಿಂಗ್ ಕಾರ್ಖಾನೆಯ ಹೆಂಗಸರು ಪಾಳಿ ಮುಗಿಸಿ ಕತ್ತಲಲ್ಲಿ ನಡೆದು ಬರುವುದು ತಪ್ಪಲಿ ಎಂದು ನಾನು ಬೆವರು ಸುರಿಸಿ ಒಂದೊಂದೇ ಓಟು ಕೂಡಿಸಿದ್ದೆ. ಗೆಲ್ಲುತ್ತೇನೆಂಬ ಖುಷಿಯಲ್ಲಿ ಎರಡು ಕಪ್ ಟೀ ಕುಡಿದೆ. ಚರ್ಚೆ ಇನ್ನೂ ಎಳೆದಾಡುತ್ತಿದ್ದಾಗ ಎದ್ದು ಹೋದೆ. ಗಂಡಸರ ಶೌಚಾಲಯ ಸಭಾಂಗಣದ ಬೆನ್ನಿಗೇ ಇದೆ. ನಮ್ಮದು ಮೆಟ್ಟಿಲಿಳಿದು, ಅಂಗಳ ದಾಟಿ, ಹಿಂದಿನ ಕಟ್ಟಡದಲ್ಲಿ ಹಳೇ ಕಡತಗಳ ಕೋಣೆ ಆದಮೇಲೆ. ಬೀಗದ ಕೈ ಕಾವಲುಗಾರನ ಹತ್ತಿರ, ಕಾವಲುಗಾರ ಎಲ್ಲಿದ್ದಾನೆಂದು ದೇವರಿಗೇ ಗೊತ್ತು. ಅವನನ್ನು ಹುಡುಕಿ, ಹೋಗಿ, ವಾಪಸ್ ಬರುವಾಗ ಅಂಗಳದ ಮಧ್ಯದಲ್ಲಿ ಮತದಾನದ ಗಂಟೆ ಕೇಳಿತು. ಸೀರೆ ಎತ್ತಿ ಹಿಡಿದು ಓಡಿದೆ. ಬಾಗಿಲು ಹಾಕಿತ್ತು. ಗಂಟೆ ಆದಮೇಲೆ ತೆಗೆಯೋ ಹಾಗಿಲ್ಲ ಮೇಡಂ, ರೂಲ್ಸು, ಅಂದ ಜವಾನ. ಗಾಜಿನಾಚೆ ಕೈಗಳು ಎದ್ದದ್ದನ್ನು ನಿಂತು ನೋಡಿದೆ. ಸರಿಸಮ ಬಂತು. ಅಧ್ಯಕ್ಷರು ತಮ್ಮ ಓಟನ್ನು ಬೇಡ ಅನ್ನುವ ಕಡೆಗೆ ಹಾಕಿದರು.

ಬಸ್ಸು ಕೇಳಿದಾಕೆಯೇ ನಾಪತ್ತೆ ಅಂತ ಪೇಪರಿನಲ್ಲಿ ಬಂತು. ಕಾರ್ಖಾನೆಯ ಗೇಟಿನಲ್ಲಿ ಒಬ್ಬಾಕೆ, ನಮ್ಮ ಓಟು ತಗೊಂಡು ಹೋಗಿ ನಿಮ್ಮ ಓಟು ಎಲ್ಲಿಟ್ಟು ಬಂದ್ರಿ ಅಂತ ಕೇಳಿದಳು. ನಾಚಿಕೆಯಿಂದ ಸತ್ತುಹೋದೆ. ಪಕ್ಷದ ಕಾರ್ಯದರ್ಶಿ ಮಾತ್ರ ಬಹಳ ಮೃದುವಾಗಿ, ಗೈರಿಗೆ ಅನಾರೋಗ್ಯ ಕಾರಣ ಅಂತ ಬರೆದುಕೊಡಿ, ಮರ್ಯಾದೆಯಾಗಿ ಮುಗಿಯುತ್ತೆ, ಮುಂದಿನ ಸಲ ಟಿಕೆಟ್ ಕೊಡೋವಾಗ ನಿಮ್ಮ ಆರೋಗ್ಯನೂ ನೋಡಬೇಕಾಗುತ್ತೆ, ಅಂದರು.

ಅನಾರೋಗ್ಯ. ಆ ಪದ ಕೇಳಿದ್ದೇ ನನ್ನ ಕಿವಿ ನೆಟ್ಟಗಾಯಿತು. ನಿನ್ನ ರಾಜೀನಾಮೆ ಪತ್ರದಲ್ಲೂ ಅದೇ ಕಾರಣ ಇತ್ತಲ್ಲವೇ? ಆ ವರ್ಷ ನೀನು ಗ್ಯಾಸ್ ಸಿಲಿಂಡರನ್ನು ಒಬ್ಬಳೇ ಮಹಡಿಗೆ ಹೊರುತ್ತಿದ್ದೆ. ಮಕ್ಕಳಿಗೋಸ್ಕರ ಬಿಟ್ಟಳು ಅಂತ ಅಪ್ಪ ಹೇಳುತ್ತಿದ್ದರು. ನಾನೂ ಊರೆಲ್ಲ ಹಾಗೇ ಹೇಳಿಕೊಂಡು ಜಂಬಪಟ್ಟಿದ್ದೆ. ನಿಜವೇನೆಂದು ದೊಡ್ಡಕ್ಕನ ಬೆನ್ನು ಹತ್ತಿದೆ. ಮೊದಲು ಮಾತು ಹಾರಿಸಿದರು. ಆಮೇಲೆ ಕಾರಿಡಾರಿನ ಬೆಂಚಿನ ಮೇಲೆ ಕೂತು, ನನ್ನ ಮುಖ ನೋಡದೆ ಹೇಳಿದರು.

ಅವತ್ತು ಅಧ್ಯಕ್ಷರ ಚುನಾವಣೆಯಂತೆ. ಒಂದು ಕಡೆ ಈಗಿನ ಅಧ್ಯಕ್ಷರು, ಇನ್ನೊಂದು ಕಡೆ ನೀನು. ನೀನು ಗೆಲ್ಲುತ್ತೀ ಅಂತ ಎಲ್ಲರಿಗೂ ಗೊತ್ತಿತ್ತಂತೆ. ಬೆಳಗಿನಿಂದ ತಡೆದುಕೊಂಡಿದ್ದವಳು ಕೊನೆಗೆ ಎದ್ದು ಹೋದೆ. ಸಭೆ ನಡೆಸುತ್ತಿದ್ದವರು ನಿನ್ನ ಖಾಲಿ ಕುರ್ಚಿಯನ್ನೊಮ್ಮೆ ನೋಡಿ ಗಂಟೆ ಒತ್ತಿದರು. ಒಂದೇ ಓಟು ಸಾಲದೆ ಸೋತೆ, ಅಮ್ಮ. ನಿನ್ನ ಓಟು. ದೊಡ್ಡಕ್ಕ ಆಗ ಹೊಸಬರು. ಸ್ವಲ್ಪ ತಡೀರಿ ಅಂತ ನಾನು ಅನ್ನಬಹುದಿತ್ತು, ಎಲ್ಲಿಗೆ ಹೋಗಿದಾಳೆ ಅಂತ ಕೇಳಿದ್ರೆ ಅಷ್ಟು ಗಂಡಸರ ಮುಂದೆ ಏನಂತ ಹೇಳೋದು ಅಂತ ಬಾಯಿ ಕಟ್ಟೋಯ್ತು, ಅಂದರು. ನೀನೂ ಆಮೇಲೆ ಯಾರಿಗೂ ಹೇಳಲಿಲ್ಲ, ಅನಾರೋಗ್ಯ ಅಂತ ಬರೆದುಕೊಟ್ಟು ಹೊರಬಂದೆ. ಅಧ್ಯಕ್ಷಗಿರಿ ಕೈತಪ್ಪಿದ್ದಕ್ಕಿಂತ ಆ ಒಂದು ಪದ ಬಾಯಿಬಿಟ್ಟು ಹೇಳುವುದು ನಿನಗೆ ಕಷ್ಟವಾಯಿತೇ? ಕೇಳಿ ನನಗೆ ಅಳು ಬಂತು. ನಿನ್ನ ಮೇಲೆ ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ.

ಮೊನ್ನೆ ಶುಕ್ರವಾರ ಬಜೆಟ್ ಸಭೆ. ಅಧ್ಯಕ್ಷರು ನಗುನಗುತ್ತಾ, ಕಳೆದ ಸಲ ಹೊರಗಿದ್ದವರು ಈ ಸಲ ಒಳಗಿದ್ದಾರೆ, ಆರೋಗ್ಯ ಸುಧಾರಿಸಿತೇ ಎಂದು ಕೇಳಿದರು. ನಾನೇನೂ ಬರೆದುಕೊಟ್ಟಿರಲಿಲ್ಲ, ಕಾರ್ಯದರ್ಶಿಯೇ ಹೇಳಿರಬೇಕು. ಎದ್ದು ನಿಂತೆ. ನಾನು ಗಟ್ಟಿಮುಟ್ಟಾಗಿದ್ದೇನೆ, ಅವತ್ತು ಶೌಚಾಲಯಕ್ಕೆ ಹೋಗಿದ್ದೆ, ನಮ್ಮದು ಹಿಂದಿನ ಕಟ್ಟಡದಲ್ಲಿದೆ, ಅಂದೆ. ಸಭೆಯೆಲ್ಲ ನಕ್ಕಿತು. ಇಂಥ ವಿಷಯ ಇಲ್ಲಿ ಮಾತಾಡೋದಲ್ಲಮ್ಮ ಅಂತ ಯಾರೋ ಕೂಗಿದರು.

ಆಗ ದೊಡ್ಡಕ್ಕ ತಮ್ಮ ಲೋಟದ ಮುಚ್ಚಳ ತೆಗೆದರು. ಇಷ್ಟು ವರ್ಷ ಆ ಮೇಜಿನ ಮುಂದೆ ಒಂದು ಗುಟುಕೂ ಕುಡಿಯದ ಹೆಂಗಸು, ಇಡೀ ಲೋಟ ನಿಧಾನವಾಗಿ ಕುಡಿದು ಕೆಳಗಿಟ್ಟರು. ನರ್ಸಮ್ಮನೂ ಕುಡಿದರು. ನಾನೂ ಕುಡಿದೆ. ನಗು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ದೊಡ್ಡಕ್ಕ ಎದ್ದು, ಅಧ್ಯಕ್ಷರೇ, ನಾವು ಮೂರೂ ಜನ ಹಿಂದಿನ ಕಟ್ಟಡದ ಶೌಚಾಲಯಕ್ಕೆ ಹೋಗಿ ಬರ್ತೀವಿ, ನಮ್ಮ ಮೂರು ಓಟು ಇಲ್ದೆ ನಿಮ್ಮ ಬಜೆಟ್ ಪಾಸಾಗಲ್ಲ, ಗಂಟೆ ಒತ್ತೋದಾದ್ರೆ ಧಾರಾಳವಾಗಿ ಒತ್ತಿ, ಅಂದರು. ಮೂವರೂ ಹೊರಟೆವು. ಕಾವಲುಗಾರ ಊಟಕ್ಕೆ ಹೋಗಿದ್ದ. ಈ ಸಲ ನಾವು ಅವನನ್ನು ಹುಡುಕಲಿಲ್ಲ, ಅಂಗಳದ ಕಟ್ಟೆಯ ಮೇಲೆ ಕೂತು ಹರಟಿದೆವು. ಅವನು ಕೈ ತೊಳೆದುಕೊಂಡು ಆರಾಮಾಗಿ ಬಂದ.

ಗಂಟೆ ಹೊಡೆಯಲಿಲ್ಲ, ಅಮ್ಮ. ಅಷ್ಟೂ ಗಂಡಸರು ಕಾದರು.

ನನ್ನ ಬಸ್ಸು ಮುಂದಿನ ಸಭೆಗೆ ಮತ್ತೆ ಬರಲಿದೆ. ಅಧ್ಯಕ್ಷರ ವಿಶ್ರಾಂತಿ ಕೋಣೆಯನ್ನು ಶೌಚಾಲಯಕ್ಕೆಂದು ನಮಗೆ ಬಿಟ್ಟುಕೊಡುತ್ತಾರಂತೆ, ನಾಳೆ ಪ್ಲಂಬರ್ ಬಂದು ಅಳತೆ ತೆಗೆದುಕೊಳ್ಳುತ್ತಾನಂತೆ. ನನಗೆ ನಂಬಿಕೆಯಿಲ್ಲ, ಬೆಳಿಗ್ಗೆ ನಾನೇ ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ. ಮಂಡಿಗೆ ಎಣ್ಣೆ ಹಚ್ಚಿಕೋ. ಈ ಸಲವಾದರೂ ನಿಜವಾದ ಉತ್ತರ ಬರೆ.

ನಿನ್ನ,
ಪ್ರಶ್ನೆಪತ್ರಿಕೆ

ಮರೆತಿದ್ದೆ: ಮುಂದಿನ ತಿಂಗಳು ಅಧ್ಯಕ್ಷರ ಚುನಾವಣೆ. ದೊಡ್ಡಕ್ಕ ನಿಲ್ಲುತ್ತಾರೆ, ಆದರೆ ಒಂದು ಷರತ್ತು ಹಾಕಿದ್ದಾರೆ. ನಿಮ್ಮಮ್ಮ ಬಂದು ಗ್ಯಾಲರಿಯಲ್ಲಿ ಕೂತರೆ ಮಾತ್ರ ನಾನು ನಿಲ್ಲೋದು ಅಂತ ಹಟ ಹಿಡಿದಿದ್ದಾರೆ. ಮುಂದಿನ ಸಾಲಿನಲ್ಲಿ ನಿನಗೆ ಜಾಗ ಹೇಳಿಟ್ಟಿದ್ದೇನೆ. ಮನೆಯಿಂದ ಹೊರಡುವಾಗ ಹೊಟ್ಟೆ ತುಂಬ ನೀರು ಕುಡಿದು ಬಾ. ಸಭೆಯನ್ನು ಕಾಯಿಸುವ ಜವಾಬ್ದಾರಿ ನನ್ನದು.