ಏಕಾದಶಿಯ ದಿನ ಕೊಯ್ದ ಕಡಲ ಹುಳು

ಡಿಸೆಂಬರ್ 1, ಸೋಮವಾರ. ಏಕಾದಶಿ.

"ಇವತ್ತೊಂದು ದಿನ ಲ್ಯಾಬಲ್ಲಿ ಯಾವ ಜೀವವನ್ನೂ ಕೊಲ್ಬೇಡ ಮಾರಾಯ್ತಿ," ಎಂದಿದ್ದಳು ಅಮ್ಮ. ಹೂಂ ಎಂದು ಡೊಂಬಿವಲಿ ಲೋಕಲ್ ರೈಲು ಹತ್ತಿದ್ದೆ.

ಸೀವುಡ್ಸ್ ಖಾಡಿಯ ಹಿನ್ನೀರಿನಿಂದ ತಂದ, ಅಕ್ಕಿಕಾಳಿನಷ್ಟಿರುವ ಎರಡು ಚಿಪ್ಪಿಲ್ಲದ ಬಸವನಹುಳುಗಳು ಆಗಷ್ಟೇ ಕೂಡಿ ಬೇರೆಯಾಗಿದ್ದವು. ವೀರ್ಯಾಣು ನೋಡುವ ಅವಸರಕ್ಕೆ ಒಂದನ್ನು ಕೊಯ್ದೆ. ವೀರ್ಯಾಣುವಿನ ತಲೆ ಸ್ಕ್ರೂವಿನ ಹಾಗೆ ತಿರುಚಿಕೊಂಡಿತ್ತು. ಆ ಚೆಂದ ನೋಡುತ್ತ ಕೂತವಳಿಗೆ ಹೊಟ್ಟೆ ಚುರುಗುಟ್ಟಿದಾಗಲೇ ಏಕಾದಶಿ ನೆನಪಾದದ್ದು.

ಸಂಜೆ ಇನ್ನೊಂದು ಹುಳು, ಸತ್ತದ್ದು ಕೊಟ್ಟ ವೀರ್ಯದಿಂದ ಮೊಟ್ಟೆಯಿಟ್ಟಿತು. ಇವುಗಳಲ್ಲಿ ಗಂಡು ಹೆಣ್ಣು ಬೇರೆಯಿಲ್ಲ; ಎರಡೂ ಕೊಡುತ್ತವೆ, ಎರಡೂ ಪಡೆಯುತ್ತವೆ. ನಾನು ಕೊಯ್ದದ್ದೂ ಇಷ್ಟೇ ಮೊಟ್ಟೆ ಇಡುತ್ತಿತ್ತು.

"ನೀರೂ ಮುಟ್ಟಲಿಲ್ಲ ನನ್ನ ಮಗಳು," ಎಂದು ನಾನು ಮನೆಗೆ ಬಂದಾಗ ಅಮ್ಮ ಪಕ್ಕದ ಮನೆಯವರ ಮುಂದೆ ಹೊಗಳುತ್ತಿದ್ದಳು. ಚಪ್ಪಲಿ ಬಿಟ್ಟು ಒಳಗೆ ಹೋದೆ.

ನಾಳೆ ಪಾರಣೆಗೆ ದೋಸೆಯಂತೆ. ಆಗಲೇ ಮುರಿದುಹೋದ ಉಪವಾಸವನ್ನು ಅವಳೆದುರು ಕೂತು ಹೇಗೆ ಬಿಡಲಿ…