ಬಾಣಂತಿಗೆ ಎರೆಯುವ ನೀರು

ಬೆಟ್ಟದ ಬುಡದ ಹಟ್ಟಿ,
ಗುಂಡ್ಲುಪೇಟೆ ತಾಲ್ಲೂಕು
೧೨-೩-೧೯೯೬

ಮಗಳು ಶಾಂತಿಗೆ ಅಪ್ಪ ಮಾರಯ್ಯ ಮಾಡುವ ಆಶೀರ್ವಾದಗಳು.

ಹರವೆಯಲ್ಲಿ ನೀನು, ಅಳಿಯ ನಿಂಗರಾಜು, ನಿಮ್ಮತ್ತೆ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರಕ್ಕೆ ಕೂತಾಗಲೆಲ್ಲ ಆಶೀರ್ವಾದದ ಸಾಲಿನಿಂದ ಮುಂದಕ್ಕೆ ಪೆನ್ನು ಹೋಗಲಿಲ್ಲ. ಬೇಸರ ಮಾಡಿಕೊಳ್ಳಬೇಡ. ಹೊಟ್ಟೆಯೊಳಗಿನ ಕೂಸು ಒದೆಯುತ್ತದೆ ಎಂದು ಬರೆದಿದ್ದೆಯಲ್ಲ, ಅದನ್ನು ನಿಮ್ಮ ತಾತ ದೊಡ್ಡಮಾದಯ್ಯನವರಿಗೆ ಓದಿ ಹೇಳಿದೆ. "ಒದೀಲಿ ಬುಡ್ಲಾ, ನಮ್ಮ ವಂಶದ್ದಲ್ವಾ, ಸುಮ್ಕೆ ಕುಂತದಾ?" ಎಂದು ನಕ್ಕರು. ಆಮೇಲೆ ಅವರು ನಕ್ಕಿಲ್ಲ.

ಬೆಟ್ಟಕ್ಕೆ ಬೆಂಕಿ ಬಿದ್ದ ಸುದ್ದಿ ಹರವೆಗೂ ಬಂದಿರಬೇಕು. ಹಚ್ಚಿದವರು ನಿಮ್ಮ ತಾತನೇ.

ನೀನು ಚಿಕ್ಕವಳಿದ್ದಾಗ ಸಂಕ್ರಾಂತಿ ಕಳೆದ ಮೇಲೆ, ಇಬ್ಬನಿ ಇನ್ನೂ ಬೀಳುವಾಗಲೇ, ಬೆಟ್ಟದ ಒಣಹುಲ್ಲಿಗೆ ಬೆಂಕಿ ಕೊಡುತ್ತಿದ್ದೆವು. ಅದು ಮೊಣಕಾಲೆತ್ತರದಲ್ಲಿ ಓಡಿ, ಹಟ್ಟಿಗೆಲ್ಲ ನೀರು ಕೊಡುವ ಒರತೆಯ ತಂಪಿಗೆ ಬಂದು ತಾನೇ ಮಲಗುತ್ತಿತ್ತು. ಒಂದು ಮಳೆ ಬಿದ್ದರೆ ಎಳೆಹುಲ್ಲು. ಆಮೇಲೆ ಬೆಂಕಿ ಹಾಕಬಾರದೆಂದು ಕಾನೂನು ಬಂತು. ಹುಲ್ಲಿದ್ದ ಕಡೆಯೆಲ್ಲ ಲಂಟಾನದ ಪೊದೆ ಆಳೆತ್ತರ ಬೆಳೆಯಿತು. ದನ ಬಾಯಿ ಹಾಕಲು ಗರಿಕೆಯೂ ಇಲ್ಲ. ಈ ವರ್ಷ ತಾತ ಹಟ ಹಿಡಿದರು. "ಮೊಮ್ಮಗಳು ಚೊಚ್ಚಲ ಬಾಣಂತನಕ್ಕೆ ಬತ್ತವ್ಳೆ. ಹಸ ಹಾಲು ಕೊಡ್ಬೇಡ್ವಾ? ಬೆಂಕಿ ನಂಗೊತ್ತು ಕಣ್ಲಾ, ನನ್ ಮಾತು ಕೇಳ್ತದೆ" ಅಂದರು.

ಹುಲ್ಲಿನ ಬೆಂಕಿ ಅವರಿಗೆ ಗೊತ್ತಿತ್ತು. ಲಂಟಾನದ ಬೆಂಕಿ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದು ಪೊದೆ ಹತ್ತಿತು, ಪೊದೆಯಿಂದ ಮರ ಹತ್ತಿತು. ಒರತೆಗೆ ನೆರಳಾಗಿದ್ದ ಮತ್ತಿ, ನೇರಳೆ ಎಲ್ಲ ಕರಿಕಟ್ಟಿಗೆಯಾದವು. ನೀರು ಮೊದಲು ಬೂದಿ ಕಲಸಿಕೊಂಡು ಬಂತು, ಆಮೇಲೆ ದಾರದಷ್ಟಾಯಿತು. ಈಗ ಅಲ್ಲಿನ ಕಲ್ಲಿನ ಮೇಲೆ ಕೈಯಿಟ್ಟರೆ ಬಿಸಿ.

ಹಟ್ಟಿಯವರ ಬಾಯಿಗೆ ಬೀಗ ಉಂಟೇ? "ಮಾದಯ್ಯ ಬೀಡಿ ಹಚ್ಚಕೋಗಿ ಬೆಟ್ಟಾನೇ ಹಚ್ಬುಟ್ಟ" ಎಂದು ಮೊದಮೊದಲು ಆಡಿಕೊಂಡರು. ಈಗ ಅದೂ ಇಲ್ಲ. ದನ ಹೊಡೆದುಕೊಂಡು ಭೀಮನಬೀಡಿನ ನೆಂಟರ ಮನೆಗೆ ಹೋದವರು ಹೋದರು. ಉಳಿದ ನಮಗೆ ಕಾಡಂಚಿನ ಕೆರೆಯೊಂದೇ ಗತಿ. ಆನೆಗಳೂ ಹಗಲಲ್ಲೇ ಅಲ್ಲಿಗೆ ಬರುತ್ತವೆ, ಅವಕ್ಕೂ ಬೇರೆ ನೀರಿಲ್ಲ. ತಾತ ಬಾಗಿಲಿಗೆ ಬೆನ್ನು ಕೊಟ್ಟು ಕೂತಿರುತ್ತಾರೆ, ಬೆಟ್ಟದ ಕಡೆ ನೋಡುವುದಿಲ್ಲ. ಉಣ್ಣಲು ಕರೆದರೆ "ನನ್ ಮಾತು ಕೇಳ್ಲಿಲ್ಲ ಕಣ್ಲಾ ಅದು" ಅನ್ನುತ್ತಾರೆ.

ಆದ್ದರಿಂದ ಮಗಳೇ, ಹೆರಿಗೆಗೆ ಇಲ್ಲಿಗೆ ಬರಬೇಡ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು, ಬಾಣಂತಿಗೆ ಒರತೆಯ ನೀರನ್ನೇ ಎರೆಯಬೇಕು ಎನ್ನುವುದು ನಮ್ಮಲ್ಲಿ ನಡೆದುಬಂದದ್ದು. ಆ ನೀರೇ ಇಲ್ಲದೆ ನಿನ್ನನ್ನು ಯಾವ ಮುಖದಿಂದ ಕರೆಯಲಿ? ನಿಮ್ಮತ್ತೆ ಒಳ್ಳೆಯವರು. ನಾನೇ ಬಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನಮ್ಮ ದೇವರು ಮಾದಪ್ಪ ತಾಯಿ ಮಗುವನ್ನು ಸುಸೂತ್ರವಾಗಿ ಬೇರೆ ಬೇರೆ ಮಾಡಿ, ಇಬ್ಬರನ್ನೂ ತಂಪಾಗಿ ಇಟ್ಟಿರಲಿ.

ಇಂತಿ ನಿನ್ನ ಅಪ್ಪ,
ಮಾರಯ್ಯ

ತಾ.ಕ.: ಈ ಕಾಗದ ಬರೆದದ್ದು ನಿಮ್ಮವ್ವನಿಗೆ ಗೊತ್ತಿಲ್ಲ. ನಾನು ಈ ಮಾತಿಗೆ ಬಾಯಿ ತೆರೆದರೆ ಸಾಕು, "ನನ್ ಮಗಳ್ನ ಬರ್ಬೇಡ ಅನ್ನಕೆ ನೀನ್ಯಾರು? ನೀರು ನಾ ತತ್ತೀನಿ" ಎಂದು ಕೊಡ ಎತ್ತುತ್ತಾಳೆ. ದಿನವೂ ಆ ಕೆರೆಗೆ ಹೋಗಿ, ನಿನಗೆಂದು ಮನೆಯಲ್ಲಿರುವ ಪಾತ್ರೆಯನ್ನೆಲ್ಲ ತುಂಬಿಡುತ್ತಿದ್ದಾಳೆ. ಮೊನ್ನೆ ಆನೆ ಅಟ್ಟಿಸಿಕೊಂಡು ಬಂತು. ಬಿದ್ದು ಬಲಗೈ ಊದಿಕೊಂಡಿದೆ. ನಿನ್ನೆ ಎಡಗೈಯಲ್ಲಿ ಕೊಡ ಹಿಡಿದು ಮತ್ತೆ ಹೋದಳು. ನೀನು ಬರುತ್ತೀಯೆಂಬ ಆಸೆ ಇರುವವರೆಗೂ ಅವಳು ನಿಲ್ಲುವುದಿಲ್ಲ. ನಾನು ಹೇಳಿ ಸೋತೆ. ಅವಳ ಹೆಸರಿಗೆ ಬೇರೆ ಕಾಗದ ಬರೆ. ನೀರಿನ ಮಾತೆತ್ತಬೇಡ, ಎತ್ತಿದರೆ ಇನ್ನೊಂದು ಕೊಡ ಹೆಚ್ಚು ತರುತ್ತಾಳೆ. "ನನಗೆ ಗಂಡನ ಮನೆಯೇ ಹಿತ, ತವರು ಬೇಡ" ಎಂದು ಬರೆ. ಅಳಲಿ ಅವಳು. ಓದಿ ಹೇಳುವವನು ನಾನೇ ತಾನೇ, ಒಂದು ಮಾತನ್ನೂ ಮೆತ್ತಗೆ ಮಾಡದೆ ಓದುತ್ತೇನೆ.