ಸೇತುವೆಯ ಆಚೆಯ ಅರ್ಧ

ಡಿಸೆಂಬರ್ 9, 1740. ಬೆಳಿಗ್ಗೆ

ಗಂಜಿ ಮತ್ತೆ ನೀರಾಯಿತು. ಉಣ್ಣೆ ನೂಲುವವರ ಬೆರಳು ಚಳಿಗೆ ಸೆಟೆದಿವೆ. ನಿನ್ನೆ ಬಾಗಿಲಿಗೆ ಬಂದ ಕೆಜಾಯಾ ಎಂಬ ಹುಡುಗಿಯನ್ನು ಒಳಗೆ ಬಿಟ್ಟದ್ದು ತಪ್ಪಾಯಿತೇನೋ. ಬಸುರಿ. ಗಂಡನಿಲ್ಲ. ಇನ್ನೂ ತಿಂಗಳಿದೆ ಅನ್ನುತ್ತಾಳೆ. ಹೊಟ್ಟೆ ಹಾಗೆ ಹೇಳುತ್ತಿಲ್ಲ. ಇಲ್ಲೇ ಹೆತ್ತರೆ ಮಗುವನ್ನು ನಮ್ಮ ಊರೇ ಸಾಕಬೇಕು... ಟಕೆಟ್ ಸಾಹೇಬರಿಗೆ ಗೊತ್ತಾದರೆ? ಊರಿನ ಪರವಾಗಿ ಈ ಬಡವರ ಮನೆ ಅವರ ಕೈಯಲ್ಲಿದೆ. ನನ್ನವರು ತೀರಿಕೊಂಡ ಮೇಲೂ ಮೇಲ್ವಿಚಾರಣೆ ನನಗೇ ಬಿಟ್ಟದ್ದು ಅವರೇ.

ಅದೇ ದಿನ, ಸಂಜೆ

ಗೊತ್ತಾಯಿತು. ಬೈಯಲಿಲ್ಲ. ನಕ್ಕರು. ಇಲ್ಲಿ ಅನ್ನ ತಿನ್ನುವವರೆಲ್ಲ ತೋಳಿಗೆ ಹೊಲಿದುಕೊಳ್ಳಬೇಕಾದ ಕೆಂಪು ಬಟ್ಟೆಯ ಗುರುತು — ಒಂದನ್ನು ಎತ್ತಿ ನನ್ನ ತೋಳಿಗೆ ಹಿಡಿದು ನೋಡಿದರು.

"ನಿಮ್ಗೆ ಚೆನ್ನಾಗ್ ಒಪ್ಪತ್ತೆ ಅಮ್ನೋರೆ. ನಾಳೆ ಅವ್ಳು ಹೊಳೆ ದಾಟ್ಲಿಲ್ವೋ, ಇದನ್ನ ನೀವೇ ಹೊಲ್ಕೊಳಿ."

ಡಿಸೆಂಬರ್ 10

ಕೈಗಾಡಿಯಲ್ಲಿ ಹುಲ್ಲು ಹಾಸಿ ಕೆಜಾಯಾಳನ್ನು ಮಲಗಿಸಿದೆ. ನಮ್ಮಲ್ಲಿರುವ ಮುದುಕ ಓಬೆಡ್ ಎಳೆದ, ನಾನು ಹಿಂದಿನಿಂದ ನೂಕಿದೆ. ಟಕೆಟ್ ಕುದುರೆಯ ಮೇಲೆ. ಸೇತುವೆಯ ನಡುವಿನ ಗಡಿಕಲ್ಲಿನವರೆಗೆ ನಮ್ಮದು. ಆಚೆ ಬ್ರೆಂಡಲ್ ಊರು. ಅವರ ಜನ ದೊಣ್ಣೆ ಹಿಡಿದು ನಿಂತಿದ್ದರು. ಯಾರು ಹೇಳಿದರೋ. ಅಲ್ಲೇ ನೋವು ಶುರುವಾಯಿತು. ನಾಯಿಗೂ ಹೀಗೆ ಮಾಡುವುದಿಲ್ಲ ಎಂದು ಗೊಣಗಿ ಓಬೆಡ್ ಗಾಡಿ ಕೈಬಿಟ್ಟು ಸರಿದ. ಕೆಜಾಯಾ ನನ್ನ ಏಪ್ರನ್ ಹಿಡಿದುಕೊಂಡಳು.

"ಯಾವ್ ಕಡೆನಾದ್ರೂ ಆಗ್ಲಿ ಕಣಮ್ಮಾ, ನಿಲ್ಸು."

ನೂಕಿದೆ. ಒಬ್ಬಳೇ. ದೊಣ್ಣೆಯವರು ಹೆರುವವಳ ಮೇಲೆ ಕೈ ಎತ್ತಲಾರದೆ ಸರಿದರು. ಚಕ್ರ ಕಲ್ಲು ದಾಟಿತು... ಮಗು ಆಚೆ ಹುಟ್ಟಿತು. ಗಂಡು. ಏಪ್ರನ್ ಬಿಚ್ಚಿ ಸುತ್ತಿ ಕೊಟ್ಟೆ. ಅಷ್ಟೇ ನಾನು ಮಾಡಿದ್ದು. ಟಕೆಟ್ ಹ್ಯಾಟು ತೆಗೆದು ಗಡಿಕಲ್ಲಿಗೆ ವಂದಿಸಿದರು.

ಡಿಸೆಂಬರ್ 14

ಕೆಲಸ ಉಳಿಯಿತು. ಊಟ ಸೇರುತ್ತಿಲ್ಲ. ಸೂಜಿ ಮಾರುವವಳು ಬಂದಿದ್ದಳು — ಕೆಜಾಯಾ ಬ್ರೆಂಡಲ್‌ನ ಯಾವುದೋ ಕೊಟ್ಟಿಗೆಯಲ್ಲಿ ಸತ್ತುಹೋದಳಂತೆ. ಮಗುವಿನ ವಿಷಯ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಡಿಸೆಂಬರ್ 17. ಬೆಳಿಗ್ಗೆ

ಬಾಗಿಲು ತೆಗೆದರೆ ಬುಟ್ಟಿ. ಒಳಗೆ ನನ್ನದೇ ಏಪ್ರನ್, ಅದರಲ್ಲಿ ಆ ಮಗು. ಬ್ರೆಂಡಲ್‌ನವರು ಇಟ್ಟು ಹೋಗಿದ್ದಾರೆ. ಇಲ್ಲಿ ಸಿಕ್ಕಿದ ಮಗು ಇಲ್ಲಿಯದೇ ಆಗುತ್ತದಲ್ಲ. ಇವತ್ತೇ ಟಕೆಟ್ ತಪಾಸಣೆಗೆ ಬರುವ ದಿನ. ಮತ್ತೆ ಸೇತುವೆಗೆ ಒಯ್ಯಲೇ... ಇನ್ನೊಮ್ಮೆ ಬೇಡ. ಉಣ್ಣೆಯ ರಾಶಿಯೊಳಗೆ ಬಚ್ಚಿಟ್ಟೆ. ಓಬೆಡ್ ನೋಡಿಯೂ ನೋಡದವನಂತೆ ನೂಲು ಸುತ್ತಿದ.

ಬಂದರು. ಅಡುಗೆಮನೆಯಲ್ಲಿ ಗಂಜಿ ಕಲಕಿ ನೋಡುತ್ತಿದ್ದಾರೆ. ಮುಂದೆ ಈ ಕೋಣೆಗೇ. ಲೆಕ್ಕ ಬರೆಯುವವಳಂತೆ ಕಾಣಲೆಂದು ಬರೆಯುತ್ತ ಕೂತಿದ್ದೇನೆ. ಅಳದಿರಲಿ ದೇವರೇ ಎಂದು ಬೇಡಿಕೊಂಡೆ. ಅಳುತ್ತಿಲ್ಲ. ಉಣ್ಣೆ ಮುಚ್ಚಿದಾಗಿನಿಂದ ಒಂದು ಸಲವೂ ಅತ್ತಿಲ್ಲ. ಯಾಕೆ ಅತ್ತಿ—